ಕ್ಯಾನ್ಸಸ್‌ನ ನಿಕೋಡಿಮಸ್: ನೆಲದೊಳಗಿಂದ ಹೊಗೆ ಎದ್ದ ಊರು

ಹೆದ್ದಾರಿಹಕ್ಕಿ:
ಹೋದ ವಾರ ಡೆನ್ವರ್‌ನಿಂದ ಕ್ಯಾನ್ಸಸ್ ಸಿಟಿಗೆ ಕಾರಲ್ಲಿ ಹೊರಟಿದ್ದೆವು. ಐ-70 ಹಿಡಿದರೆ ದಾರಿಯುದ್ದಕ್ಕೂ ಗೋಧಿ, ಆಕಾಶ, ಮತ್ತೆ ಗೋಧಿ. ಬೇಜಾರಾಗಿ ಉತ್ತರಕ್ಕೆ ತಿರುಗಿ ಹಳೇ 24ನೇ ನಂಬರ್ ಹೆದ್ದಾರಿಗೆ ಹೋದೆ. ಹಿಲ್ ಸಿಟಿ ದಾಟಿ ಹನ್ನೆರಡು ಮೈಲಿಯಷ್ಟು ಹೋದಾಗ ಒಂದು ಬೋರ್ಡ್ ಕಾಣಿಸಿತು: ನಿಕೋಡಿಮಸ್, ರಾಷ್ಟ್ರೀಯ ಐತಿಹಾಸಿಕ ತಾಣ. ಕಾರು ತಿರುಗಿಸಿದೆ. ನಾಲ್ಕಾರು ಬೀದಿ, ಬೆರಳೆಣಿಕೆಯ ಮನೆ, ಸುಣ್ಣಕಲ್ಲಿನ ಎರಡು ಹಳೇ ಚರ್ಚು, ಉಳಿದದ್ದೆಲ್ಲ ಹುಲ್ಲು. ಹಿಂದಿನ ಸೀಟಿಂದ ಮಗ ಕೇಳಿದ, "ಅಪ್ಪಾ, ಊರೆಲ್ಲಿ?"

1939ರಲ್ಲಿ ಕಟ್ಟಿದ ಟೌನ್‌ಶಿಪ್ ಹಾಲ್‌ಗೆ ಹೋದೆವು. ಅಲ್ಲೇ ಈಗ ಮಾಹಿತಿ ಕೇಂದ್ರ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪುಜನ ಬಂದು ಕಟ್ಟಿದ ಊರಂತೆ ಇದು. 1878ರ ವಸಂತದಲ್ಲಿ ವಿಲಿಯಾನಾ ಹಿಕ್‌ಮನ್ ಎಂಬ ಹೆಂಗಸು ಕೂಡ ಇಲ್ಲಿ ನಿಂತು ಇದೇ ಪ್ರಶ್ನೆ ಕೇಳಿದ್ದಳು ಅಂತ ಅಲ್ಲಿ ಗೊತ್ತಾಯಿತು.

ಆಕೆ ಬಂದದ್ದು ಕೆಂಟಕಿಯಿಂದ. ಗಂಡ ಡೇನಿಯಲ್ ಪಾದ್ರಿ. ರೈಲು ಇಳಿದದ್ದು ಎಲ್ಲಿಸ್ ಎಂಬಲ್ಲಿ. ಅಲ್ಲಿ ಗುಂಪಿನಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತವು. ಹೂಳಿ ಮುಂದೆ ಹೊರಟರು. ಎಲ್ಲಿಸ್‌ನಿಂದ ನಿಕೋಡಿಮಸ್‌ಗೆ ನೇರ ಗೆರೆ ಎಳೆದರೂ 50 ಕಿಲೋಮೀಟರ್. ರಸ್ತೆ ಇಲ್ಲ, ದಿಕ್ಸೂಚಿ ನೋಡಿಕೊಂಡು ಎರಡು ದಿನದ ದಾರಿ. ಕೊನೆಗೆ ಗಂಡಸರು "ಅಗೋ ನಿಕೋಡಿಮಸ್!" ಅಂತ ಕೂಗಿದರು. ಈಕೆ ಕಣ್ಣರಳಿಸಿ ನೋಡಿದಳು. ಮನೆ ಇಲ್ಲ, ಮರ ಇಲ್ಲ, ಬೇಲಿಯೂ ಇಲ್ಲ. ಎಲ್ಲಿದೆ ಊರು ಅಂದಳು. ಗಂಡ ಬೆರಳು ತೋರಿಸಿದ. ನೆಲದೊಳಗಿಂದ ಅಲ್ಲೊಂದು ಇಲ್ಲೊಂದು ಹೊಗೆ ಏಳುತ್ತಿತ್ತು. ಜನ ನೆಲ ಅಗೆದು, ಒಳಗೆ ಬದುಕುತ್ತಿದ್ದರು. ಆಕೆ ಅಲ್ಲೇ ಅತ್ತಳು. ಇದನ್ನು ಮುಂದೆ ಮುದುಕಿಯಾದಾಗ ತಾನೇ ಹೇಳಿಕೊಂಡಿದ್ದಾಳೆ.

ಮಗನಿಗೆ ಇದನ್ನು ಓದಿ ಹೇಳಿದೆ. ಆಮೇಲೆ ಕಾರಲ್ಲಿ ಅರ್ಧ ಗಂಟೆ ಮಾತೇ ಆಡಲಿಲ್ಲ. ನಮ್ಮ ಮನೇಲಿ ಅದೂ ಐತಿಹಾಸಿಕ ಘಟನೆಯೇ. ಈ ಊರಿನ ಬಗ್ಗೆ ಜಾಸ್ತಿ ಗೊತ್ತಿರುವವರು ದಯವಿಟ್ಟು ಬರೆಯಿರಿ.

ಮಂಡ್ಯದ ಮಾವ:
ಚೆನ್ನಾಗಿದೆ ಕಣಪ್ಪ. ಆದ್ರೆ ನಾನು ಅಮೆರಿಕದ ಗಡಿ ಊರು ಅಂದ್ರೆ ಸಲೂನ್ ಬಾಗಿಲು, ಎರಡು ಪಿಸ್ತೂಲು, ಮಧ್ಯಾಹ್ನ ಹನ್ನೆರಡಕ್ಕೆ ಬೀದೀಲಿ ಗುಂಡಿನ ಕಾಳಗ ಅಂದ್ಕೊಂಡಿದ್ದೆ. ಇಲ್ಲಿ ಒಂದು ಗುಂಡೂ ಹಾರಲಿಲ್ವಾ?

ಸುಮ್ನೆ ಓದುಗ:
ಮಾವ, ನೀವು ಸಿನಿಮಾ ಜಾಸ್ತಿ ನೋಡಿದ್ದೀರಿ. ಬಯಲಲ್ಲಿ ಹೆಚ್ಚಿನ ಊರುಗಳು ಹುಟ್ಟಿದ್ದು ಪಿಸ್ತೂಲಿನಿಂದಲ್ಲ, ಅರ್ಜಿ ಫಾರಂನಿಂದ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ 160 ಎಕರೆ ಸರ್ಕಾರಿ ಜಮೀನಿಗೆ ಅರ್ಜಿ ಹಾಕಬಹುದಿತ್ತು. ಶುಲ್ಕ ಎಲ್ಲ ಸೇರಿ 18 ಡಾಲರ್ ಆಸುಪಾಸು. ಐದು ವರ್ಷ ಅಲ್ಲೇ ಇದ್ದು, ಮನೆ ಕಟ್ಟಿ, ಉಳುಮೆ ಮಾಡಿ ತೋರಿಸಿದರೆ ಜಮೀನು ನಿಮ್ಮದು. ಕಾಗದದ ಮೇಲೆ ಇದರಲ್ಲಿ ಬಣ್ಣ ಕೇಳುವ ಕಾಲಂ ಇರಲಿಲ್ಲ. ನಿಕೋಡಿಮಸ್‌ನವರಿಗೆ ಅಷ್ಟು ಸಾಕಾಗಿತ್ತು.

ಧಾರವಾಡದ ಅಕ್ಕ:
ಹಕ್ಕಿಯವರೇ, ಇವರೇ ಅಲ್ವಾ "ಎಕ್ಸೊಡಸ್ಟರ್" ಅಂತ ಕರೆಸಿಕೊಂಡವರು? ಅಂತರ್ಯುದ್ಧ ಆದಮೇಲೆ ದಕ್ಷಿಣದಲ್ಲಿ ಕೇಂದ್ರದ ಸೈನ್ಯ ಇತ್ತು. 1877ರಲ್ಲಿ ಅದನ್ನ ವಾಪಸ್ ಕರೆಸಿಕೊಂಡ್ರು. ಹಳೇ ಮಾಲೀಕರ ಕೈ ಮತ್ತೆ ಮೇಲಾಯ್ತು, ಕಪ್ಪುಜನ ಊರು ಬಿಟ್ಟು ಹೊರಟ್ರು. ನಾನು ಓದಿದ್ದು ಹಾಗೆ.

ಕಡತ:
ಅಕ್ಕಾ, ಅರ್ಧ ಸರಿ. ಎಕ್ಸೊಡಸ್ಟರ್‌ಗಳ ದೊಡ್ಡ ಅಲೆ ಬಂದದ್ದು 1879ರಲ್ಲಿ, ಮಿಸಿಸಿಪ್ಪಿ, ಲೂಯಿಸಿಯಾನಾ ಕಡೆಯಿಂದ. ಅಷ್ಟೊತ್ತಿಗೆ ನಿಕೋಡಿಮಸ್‌ಗೆ ಎರಡು ವರ್ಷ. ಅಲೆಯಲ್ಲಿ ತೇಲಿ ಬಂದ ಊರಲ್ಲ ಇದು. ಕಂಪನಿ ಮಾಡಿ, ಕರಪತ್ರ ಹಂಚಿ, ಪ್ಲಾನ್ ಹಾಕಿ ಕಟ್ಟಿದ ಊರು.

ಇನ್ನೊಂದು. ಇವರಲ್ಲಿ ಹೆಚ್ಚಿನವರು ಕೆಂಟಕಿಯವರು. ಲೆಕ್ಸಿಂಗ್ಟನ್, ಜಾರ್ಜ್‌ಟೌನ್ ಸುತ್ತಮುತ್ತ. ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳು ಅಮೆರಿಕದ ಒಕ್ಕೂಟ ಬಿಟ್ಟು ಬಂಡೆದ್ದಾಗ ಕೆಂಟಕಿ ಬಿಟ್ಟು ಹೋಗಿರಲೇ ಇಲ್ಲ. ಅದರಿಂದ ಒಂದು ವಿಚಿತ್ರ ಆಯಿತು. ಲಿಂಕನ್ 1863ರಲ್ಲಿ ಹೊರಡಿಸಿದ ವಿಮೋಚನಾ ಘೋಷಣೆ ಬಂಡೆದ್ದ ರಾಜ್ಯಗಳಿಗೆ ಮಾತ್ರ. ಕೆಂಟಕಿಯ ಗುಲಾಮರಿಗೆ ಅದು ಅನ್ವಯಿಸಲಿಲ್ಲ. ಅಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಪೂರ್ತಿ ಮುಗಿದದ್ದು 1865ರ ಡಿಸೆಂಬರ್‌ನಲ್ಲಿ, ಸಂವಿಧಾನಕ್ಕೆ 13ನೇ ತಿದ್ದುಪಡಿ ಬಂದ ಮೇಲೆ. ಅಂದರೆ 1877ರಲ್ಲಿ ರೈಲು ಹತ್ತಿದವರಿಗೆ ಸ್ವಾತಂತ್ರ್ಯ ಸಿಕ್ಕಿ ಹನ್ನೆರಡೇ ವರ್ಷ. ಇಪ್ಪತ್ತೈದು ದಾಟಿದವರೆಲ್ಲ ತಾವೇ ಗುಲಾಮಗಿರಿ ನೋಡಿದವರು.

ಧಾರವಾಡದ ಅಕ್ಕ:
ಹನ್ನೆರಡು ವರ್ಷ! ತಪ್ಪು ತಿದ್ದಿದ್ದಕ್ಕೆ ಥ್ಯಾಂಕ್ಸ್ ರೀ. ಹಾಗಾದ್ರೆ ಆ ಕಂಪನಿ ಕಥೆ ಹೇಳಿ, ಪೂರ್ತಿ.

ಕಡತ:
ಕಂಪನಿಯಲ್ಲಿ ಏಳು ಜನ. ಆರು ಮಂದಿ ಕಪ್ಪುಜನ, ಒಬ್ಬ ಬಿಳಿಯ. ಆ ಬಿಳಿಯನೇ ಡಬ್ಲ್ಯು. ಆರ್. ಹಿಲ್, ಇಂಡಿಯಾನಾದಿಂದ ಬಂದ ಜಮೀನು ದಲ್ಲಾಳಿ. ಅಧ್ಯಕ್ಷ ಡಬ್ಲ್ಯು. ಎಚ್. ಸ್ಮಿತ್ ಕಪ್ಪುಜನದವರು. ಕಾರ್ಯದರ್ಶಿ ಸೈಮನ್ ರೌಂಡ್‌ಟ್ರೀ ಪಾದ್ರಿ. 1877ರಲ್ಲಿ ಊರಿನ ನಕ್ಷೆ ಹಾಕಿ "ಅಮೆರಿಕದ ಕಪ್ಪು ನಾಗರಿಕರಿಗೆ" ಅಂತ ಕರಪತ್ರ ಅಚ್ಚು ಹಾಕಿಸಿದರು. ಜಾಗ ಸೊಗಸಾಗಿದೆ, ಮಣ್ಣು ಫಲವತ್ತು, ಬನ್ನಿ ಅಂತ ಕರೆದರು. ಹಿಲ್ ಕೆಂಟಕಿಗೆ ಹೋಗಿ ಚರ್ಚುಗಳಲ್ಲಿ ಭಾಷಣ ಮಾಡಿದ. ನಿವೇಶನಕ್ಕೆ ಐದು ಡಾಲರ್.

ಜುಲೈನಲ್ಲಿ ಮೊದಲು ಮೂವತ್ತು ಜನ ಬಂದರು. ಸೆಪ್ಟೆಂಬರ್ 17ಕ್ಕೆ ಮುನ್ನೂರಕ್ಕೂ ಜಾಸ್ತಿ. ಊರಿನ ಹುಟ್ಟಿದ ದಿನ ಅಂತ ಇದನ್ನೇ ಎಣಿಸುವವರು ಇದ್ದಾರೆ. ಬಂದು ನೋಡಿದರೆ ಬಟಾಬಯಲು. ಹತ್ತಾರು ಕುಟುಂಬ ತಿರುಗಿ ನೋಡದೆ ಪೂರ್ವದ ಕಡೆ ಹೊರಟುಹೋದವು. ಉಳಿದವರಲ್ಲಿ ಕೆಲವರು ಹಿಲ್‌ನನ್ನು ನೇಣಿಗೆ ಹಾಕಬೇಕು ಅಂತ ಹುಡುಕಿದರು. ಅವನು ತಲೆಮರೆಸಿಕೊಂಡ. ಮಾವ, ನೀವು ಕೇಳಿದ ಗಲಾಟೆ ಇಷ್ಟೇ.

ಮಂಡ್ಯದ ಮಾವ:
ನೇಣು ಹಾಕಿದ್ರೂ ತಪ್ಪಿರ್ಲಿಲ್ಲ ಬಿಡಿ. ಇಲ್ಲದ ಊರಿಗೆ ನಿವೇಶನ ಮಾರಿದ ದಲ್ಲಾಳಿ! ಅವನು ಆಮೇಲೆ ಏನಾದ?

ಕಡತ:
ಹಕ್ಕಿಯವರು ಹಿಲ್ ಸಿಟಿ ದಾಟಿ ಬಂದೆ ಅಂದರಲ್ಲ, ಅದು ಅವನ ಹೆಸರಿನ ಊರೇ. ಇವತ್ತಿಗೂ ಗ್ರಹಾಂ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಕೇಂದ್ರ.

ಸುಮ್ನೆ ಓದುಗ:
ನಾನು ಹಿಲ್ ಪರ ವಕೀಲ ಅಲ್ಲ. ಆದರೆ ಕರಪತ್ರದಲ್ಲಿ ಆ ಆರು ಜನರ ಪಾಲೂ ಇತ್ತು, ಅವರು ಪೆದ್ದರೇನಲ್ಲ. ಆ ಕಾಲದಲ್ಲಿ ಕ್ಯಾನ್ಸಸ್ ತುಂಬ ರೈಲು ಕಂಪನಿಗಳೂ ಊರಿನ ಕಂಪನಿಗಳೂ ಸ್ವರ್ಗ ತೋರಿಸುವ ಕರಪತ್ರ ಹಂಚುತ್ತಿದ್ದವು. ಬಿಳಿಯರಿಗೂ ಅದೇ ಸುಳ್ಳು. ವ್ಯತ್ಯಾಸ ಏನು ಅಂದರೆ, ಮೋಸ ಹೋದ ಬಿಳಿಯ ವಾಪಸ್ ಊರಿಗೆ ಹೋಗಬಹುದಿತ್ತು. ಇವರು ವಾಪಸ್ ಹೋಗಿ ಯಾರ ಹೊಲದಲ್ಲಿ ದುಡಿಯಬೇಕು, ಹೇಳಿ?

ಹೆದ್ದಾರಿಹಕ್ಕಿ:
ಓದುಗರೇ, ಇದು ನನಗೆ ಹೊಳೆದೇ ಇರಲಿಲ್ಲ.

ಆ ನೆಲಮನೆ ಹೇಗಿತ್ತು ಅಂತ ಯಾರಾದ್ರೂ ಬಿಡಿಸಿ ಹೇಳಿ. ಮಗ ಕೇಳುತ್ತಿದ್ದಾನೆ, ಮಳೆ ಬಂದರೆ ಏನು ಮಾಡುತ್ತಿದ್ದರು ಅಂತ.

ಗದ್ದೆಬದು:
ಸಿವಿಲ್ ಎಂಜಿನಿಯರ್ ಆಗಿ ಇದಕ್ಕೆ ನಾನೇ ಉತ್ತರ ಕೊಡಬೇಕು. ಇಂಗ್ಲಿಷಲ್ಲಿ ಇದಕ್ಕೆ ಡಗೌಟ್ ಅಂತಾರೆ. ಅಲ್ಲಿ ಮರ ಇರೋದು ಹೊಳೆ ದಂಡೆಯಲ್ಲಿ ಮಾತ್ರ, ಸಾಲೊಮನ್ ನದಿಯ ದಕ್ಷಿಣ ಕವಲಿನ ಪಕ್ಕ. ಹಲಗೆ ಕೊಳ್ಳಲು ದುಡ್ಡಿಲ್ಲ. ಹಾಗಾಗಿ ದಿಬ್ಬದ ಇಳಿಜಾರು ನೋಡಿ ಅಡ್ಡಕ್ಕೆ ಕೊರೆಯುತ್ತಿದ್ದರು. ಮೂರು ಗೋಡೆ ಮಣ್ಣಿನದೇ ಸಿಕ್ಕಿತು. ಮುಂದಿನ ಗೋಡೆಗೆ ಹುಲ್ಲುಹೆಪ್ಪು ಜೋಡಿಸುತ್ತಿದ್ದರು. ಆ ಬಯಲಿನ ಹುಲ್ಲಿನ ಬೇರು ಎಷ್ಟು ಗಟ್ಟಿ ಹೆಣೆದುಕೊಂಡಿರುತ್ತದೆ ಅಂದರೆ, ನೆಲವನ್ನು ಇಟ್ಟಿಗೆ ತರ ಕತ್ತರಿಸಿ ಎತ್ತಬಹುದು. ಮೇಲೆ ಮರದ ಕೊಂಬೆ, ಅದರ ಮೇಲೆ ಪೊದೆ, ಅದರ ಮೇಲೆ ಮತ್ತೆ ಹುಲ್ಲುಹೆಪ್ಪು. ಒಂದು ಮೂಲೆಯಲ್ಲಿ ಒಲೆ, ಚಾವಣಿಯಿಂದ ಹೊಗೆಗೂಡು. ವಿಲಿಯಾನಾಗೆ ಕಂಡದ್ದು ಅದರ ತುದಿ ಮಾತ್ರ.

ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ಮಳೆ ಬಂದರೆ? ಹೊರಗೆ ಮಳೆ ನಿಂತ ಮೇಲೂ ಒಳಗೆ ಕೆಸರು ತೊಟ್ಟಿಕ್ಕುತ್ತದೆ. ಒಣ ದಿನಗಳಲ್ಲಿ ಮಣ್ಣುಪುಡಿ ಉದುರಿ ಅಡಿಗೆ ಪಾತ್ರೆಗೆ. ಹಾವು ಬರುವುದೂ ಇತ್ತು. ಮಗನಿಗೆ ಇದು ಇಷ್ಟ ಆಗಬಹುದು.

ಉರುವಲಿಗೆ ಸೂರ್ಯಕಾಂತಿ ದಂಟು ಮತ್ತು ಒಣಗಿದ ಸಗಣಿ. ಕಾಡೆಮ್ಮೆ, ದನ, ಯಾವುದು ಸಿಕ್ಕರೆ ಅದು. ನಮ್ಮಜ್ಜಿ ಬೆರಣಿ ತಟ್ಟಿ ಗೋಡೆಗೆ ಹಚ್ಚುತ್ತಿದ್ದರು. ಇವರಿಗೆ ತಟ್ಟುವ ಕೆಲಸ ಇರಲಿಲ್ಲ, ಬಯಲಲ್ಲೇ ಒಣಗಿ ಬಿದ್ದಿರುತ್ತಿತ್ತು, ಆರಿಸಿ ತಂದರೆ ಆಯಿತು.

ಧಾರವಾಡದ ಅಕ್ಕ:
ಅಂಥಾ ಮನೇಲಿ ಬಾಣಂತನ ಹೇಗೆ ಮಾಡಿದ್ರೋ ಅಂತ ನನ್ನ ಚಿಂತೆ. ಹುಡುಕಿದೆ, ಸಿಕ್ತು. ಎಮ್ಮಾ ವಿಲಿಯಮ್ಸ್ ಅನ್ನೋಳು ಸೆಪ್ಟೆಂಬರ್‌ನಲ್ಲಿ ಬಂದಾಗ್ಲೇ ತುಂಬು ಬಸುರಿ. ಅಕ್ಟೋಬರ್‌ನಲ್ಲಿ ನೆಲಮನೆಯಲ್ಲೇ ಹೆರಿಗೆ. ಗಂಡುಮಗು, ಹೆಸರು ಹೆನ್ರಿ. ಆ ಊರಲ್ಲಿ ಹುಟ್ಟಿದ ಮೊದಲ ಮಗು.

ಶಾಲೆನೂ ನೆಲಮನೆಯಲ್ಲೇ. ಜೆನ್ನಿ ಫ್ಲೆಚರ್ ಅಂತ ಟೀಚರ್. ಅವಳ ಗಂಡ ಜ್ಯಾಕರಿ ಫ್ಲೆಚರ್ ಮೊದಲ ಪೋಸ್ಟ್‌ಮಾಸ್ಟರ್. ಮುಂದೆ ಅವರದೇ ಸೇಂಟ್ ಫ್ರಾನ್ಸಿಸ್ ಅನ್ನೋ ಹೋಟೆಲ್ಲೂ ಆಯ್ತು. ಆ ಕಟ್ಟಡ ಇನ್ನೂ ನಿಂತಿದೆಯಂತೆ. ಹಕ್ಕಿಯವರು ನೋಡಿದ್ರಾ?

ಹೆದ್ದಾರಿಹಕ್ಕಿ:
ಹೊರಗಿಂದ ನೋಡಿದೆ ಅಕ್ಕ. ಹೋಟೆಲ್ ಅಂತ ಬೋರ್ಡ್ ಓದಿದ ಮೇಲೇ ಗೊತ್ತಾಗಿದ್ದು. ಸಾಧಾರಣ ಮನೆ ತರ ಇದೆ.

ತೀರ್ಥಹಳ್ಳಿ ಮಳೆ:
ಒಂದು ಮಾತು ಕೇಳಲೇಬೇಕು, ಬೇಜಾರು ಮಾಡ್ಕೋಬೇಡಿ. ಎಲ್ಲರೂ "ಬಟಾಬಯಲು", "ಸರ್ಕಾರಿ ಜಮೀನು" ಅಂತ ಬರೀತಿದ್ದೀರಿ. ಆ ಜಮೀನು ಸರ್ಕಾರಕ್ಕೆ ಎಲ್ಲಿಂದ ಬಂತು? ಅಲ್ಲಿ ಮೊದಲೇ ಜನ ಇದ್ರಲ್ಲ. ಗುಲಾಮರಾಗಿದ್ದವರಿಗೆ ಕೊಟ್ಟ ನೆಲ ಇನ್ಯಾರಿಂದಲೋ ಕಿತ್ತುಕೊಂಡದ್ದು.

ಕಡತ:
ಬೇಜಾರೇನಿಲ್ಲ, ಕೇಳಬೇಕಾದ್ದೇ. ಆ ಬಯಲು ಶೈಯೆನ್, ಅರಪಾಹೊ ಎಂಬ ಮೂಲನಿವಾಸಿ ಜನ ಕಾಡೆಮ್ಮೆ ಬೇಟೆಯಾಡುತ್ತಿದ್ದ ಜಾಗ. ಅದಕ್ಕೂ ಹಿಂದೆ ಪೌನಿ ಜನರದು. 1867ರ ಮೆಡಿಸಿನ್ ಲಾಡ್ಜ್ ಒಪ್ಪಂದದ ಮೇಲೆ ಶೈಯೆನ್, ಅರಪಾಹೊ ಜನರನ್ನು ದಕ್ಷಿಣಕ್ಕೆ, ಈಗಿನ ಒಕ್ಲಹೋಮಾ ಕಡೆಗೆ ಸಾಗಿಸಿದರು. ಹತ್ತು ವರ್ಷ ಆದಮೇಲೆ ನಿಕೋಡಿಮಸ್. ಇನ್ನೂ ಒಂದು ವರ್ಷಕ್ಕೆ, 1878ರ ಸೆಪ್ಟೆಂಬರ್‌ನಲ್ಲಿ, ಉತ್ತರದ ಶೈಯೆನ್ ಜನ ಆ ಮೀಸಲು ಪ್ರದೇಶದಲ್ಲಿ ಹಸಿವು, ಜ್ವರ ತಾಳಲಾರದೆ ಮನೆ ಕಡೆ ಹೊರಟು ಪಶ್ಚಿಮ ಕ್ಯಾನ್ಸಸ್ ದಾಟಿ ಹೋದರು, ಸೈನ್ಯ ಬೆನ್ನಟ್ಟಿತ್ತು. ಒಂದು ಜನ ಊರು ಕಟ್ಟುತ್ತಿದ್ದಾಗಲೇ ಇನ್ನೊಂದು ಜನ ತಮ್ಮ ಊರಿಗೆ ನಡೆಯುತ್ತಿದ್ದರು.

ಇದಕ್ಕೆ ಸೇರಿದ ಇನ್ನೊಂದು ಸಂಗತಿ. ಮೊದಲ ಚಳಿಗಾಲದಲ್ಲಿ ನಿಕೋಡಿಮಸ್‌ನವರ ಹತ್ತಿರ ತಿನ್ನಲು ಏನೂ ಇರಲಿಲ್ಲ. ಬಂದಾಗಲೇ ಬಿತ್ತನೆ ಕಾಲ ಮುಗಿದಿತ್ತು. ಆಗ ಬೇಟೆ ಮುಗಿಸಿ ವಾಪಸಾಗುತ್ತಿದ್ದ ಓಸೇಜ್ ಜನ ತಮ್ಮ ಮಾಂಸದಲ್ಲಿ ಪಾಲು ಕೊಟ್ಟರು ಅಂತ ಊರಿನವರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ. ಓಸೇಜ್‌ನವರನ್ನೂ ಕ್ಯಾನ್ಸಸ್‌ನಿಂದ ಎಬ್ಬಿಸಿ ಆಗ ಕೆಲವೇ ವರ್ಷ ಆಗಿತ್ತು.

ತೀರ್ಥಹಳ್ಳಿ ಮಳೆ:
ಜಗಳ ಮಾಡೋಣ ಅಂತ ಬಂದಿದ್ದೆ. ಈಗ ಬಾಯಿ ಕಟ್ಟಿತು.

ಗದ್ದೆಬದು:
ಉಳುಮೆ ಬಗ್ಗೆ ಯಾರೂ ಹೇಳಲಿಲ್ಲ. ಮೊದಲ ವರ್ಷ ಇಡೀ ಊರಿಗೆ ಇದ್ದದ್ದು ಮೂರು ಕುದುರೆ ಅಂತಾರೆ. ಬಾಕಿ ಜನ ಗುದ್ದಲಿ, ಸನಿಕೆ ಹಿಡಿದು ಆ ಹೆಣೆದ ಬೇರನ್ನು ಕೈಯಲ್ಲೇ ಕಡಿದರು. 160 ಎಕರೆ ಹೆಸರಿಗೆ ಇದೆ, ಕೈಯಲ್ಲಿ ಅಗೆದು ಬಿತ್ತಲು ಆಗುವುದು ಎಷ್ಟು? ಕೆಂಟಕಿಯಲ್ಲಿ ತಂಬಾಕು, ಸೆಣಬು ಬೆಳೆದ ಕೈ ಅವು, ಮಳೆಗೆ ಕೊರತೆಯಿಲ್ಲದ ಸೀಮೆ. ಇಲ್ಲಿ ವರ್ಷಕ್ಕೆ 20 ಇಂಚಿನ ಆಸುಪಾಸು, ಅದೂ ಬಂದರೆ ಬಂತು. 100ನೇ ರೇಖಾಂಶದ ಪಕ್ಕದ ಊರು ಅದು, ಅಲ್ಲಿಂದ ಪಶ್ಚಿಮಕ್ಕೆ ಬರೀ ಮಳೆ ನಂಬಿ ಬೇಸಾಯ ಕಷ್ಟ.

ಹಾಗಾಗಿ ಗಂಡಸರು ಪೂರ್ವ ಕ್ಯಾನ್ಸಸ್‌ಗೆ, ರೈಲು ಹಳಿ ಕೆಲಸಕ್ಕೆ ಕೂಲಿ ಹೋಗುತ್ತಿದ್ದರು. ಬಯಲಲ್ಲಿ ಬಿದ್ದಿದ್ದ ಕಾಡೆಮ್ಮೆ ಮೂಳೆ ಆರಿಸಿ ಮಾರಿದವರೂ ಇದ್ದಾರೆ, ಗೊಬ್ಬರಕ್ಕೆ ಹೋಗುತ್ತಿತ್ತು. ಮನೇಲಿ ಹೆಂಗಸರು, ಮಕ್ಕಳು ನೆಲ ಅಗೆಯುತ್ತಿದ್ದರು. ಐದು ವರ್ಷ ಅಲ್ಲೇ ಇರಬೇಕು ಅನ್ನುವ ಷರತ್ತನ್ನು ನಿಜಕ್ಕೂ ಪೂರೈಸಿದ್ದು ಇವರು.

ಮಂಡ್ಯದ ಮಾವ:
ಸರಿ, ಇಷ್ಟು ಕಷ್ಟ ಬಿದ್ದು ಕಟ್ಟಿದ ಊರು. ಈಗ ಯಾಕೆ ನಾಲ್ಕೇ ಮನೆ? ಬರ ಬಂತಾ?

ಕಡತ:
ಬರವೂ ಬಂತು, ಆದರೆ ಊರಿನ ಬೆನ್ನು ಮುರಿದದ್ದು ರೈಲು. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಇಟ್ಕೊಂಡು ಓದಿ.

1880ರ ದಶಕದ ನಡುವೆ ಒಳ್ಳೇ ಮಳೆ, ಒಳ್ಳೇ ಬೆಳೆ. ನೆಲಮನೆ ಬಿಟ್ಟು ಜನ ಹುಲ್ಲುಹೆಪ್ಪಿನ ಮನೆಗೆ, ಆಮೇಲೆ ಸುಣ್ಣಕಲ್ಲಿನ ಮನೆಗೆ ಬಂದರು. 1886ರಲ್ಲಿ "ವೆಸ್ಟರ್ನ್ ಸೈಕ್ಲೋನ್" ಎಂಬ ಪತ್ರಿಕೆ ಶುರು. ಮರುವರ್ಷ "ಎಂಟರ್‌ಪ್ರೈಸ್" ಅಂತ ಎರಡನೆಯದು. ಅಷ್ಟು ಸಣ್ಣ ಊರಿಗೆ ಎರಡು ಪತ್ರಿಕೆ! ಅಂಗಡಿಗಳು, ಹೋಟೆಲ್, ಬ್ಯಾಂಕು, ಚರ್ಚುಗಳು, ಬೇಸ್‌ಬಾಲ್ ತಂಡ. ಬಿಳಿಯರೂ ಬಂದು ಅಂಗಡಿ ಇಟ್ಟರು.

ಇನ್ನು ಬೇಕಾಗಿದ್ದು ರೈಲು ಒಂದೇ. ರೈಲು ಬಂದರೆ ಗೋಧಿ ಅಲ್ಲಿಂದಲೇ ಮಾರುಕಟ್ಟೆಗೆ. ಬರದಿದ್ದರೆ ಗಾಡಿ ಕಟ್ಟಿಕೊಂಡು ದೂರದ ಸ್ಟೇಷನ್‌ಗೆ. ಆ ಕಾಲದಲ್ಲಿ ರೈಲು ಸುಮ್ನೆ ಬರುತ್ತಿರಲಿಲ್ಲ. ಊರಿನವರು ವೋಟು ಹಾಕಿ ಸಾಲಪತ್ರ ಹೊರಡಿಸಿ ಕಂಪನಿಗೆ ದುಡ್ಡು ಒಪ್ಪಿಸಬೇಕು. ನಿಕೋಡಿಮಸ್‌ನವರು 1887ರಲ್ಲಿ 16,000 ಡಾಲರ್ ಕೊಡಲು ಒಪ್ಪಿ ವೋಟು ಹಾಕಿದರು. ಹತ್ತು ವರ್ಷದ ಹಿಂದೆ ಐದು ಡಾಲರ್ ಹೊಂದಿಸಲು ಒದ್ದಾಡಿದವರು. ಮಿಸೌರಿ ಪೆಸಿಫಿಕ್ ಬರುತ್ತದೆ ಅಂತ ನಂಬಿದ್ದರು. ಬರಲಿಲ್ಲ. ಯೂನಿಯನ್ ಪೆಸಿಫಿಕ್ ಆದರೂ ಬರುತ್ತದೆ ಅಂದುಕೊಂಡರು. ಅದು 1888ರಲ್ಲಿ ಹಳಿ ಹಾಕಿದ್ದು ನದಿಯ ದಕ್ಷಿಣಕ್ಕೆ, ನಾಲ್ಕೈದು ಮೈಲಿ ಆಚೆ. ಹಳಿ ಕೆಲಸದವರು ಬೀಡುಬಿಟ್ಟ ಜಾಗವೇ ಬೋಗ್ ಎಂಬ ಊರಾಯಿತು.

ಅಂಗಡಿಯವರು ಒಬ್ಬೊಬ್ಬರಾಗಿ ನದಿ ದಾಟಿದರು, ಕೆಲವರು ಕಟ್ಟಡ ಸಮೇತ. ಪತ್ರಿಕೆಗಳೂ ನಿಂತವು. ಊರು ಸುಟ್ಟುಹೋಗಲಿಲ್ಲ, ಯಾರೂ ದಾಳಿ ಮಾಡಲಿಲ್ಲ. ಎಲ್ಲೋ ದೂರದ ಆಫೀಸಲ್ಲಿ ನಕ್ಷೆ ಮೇಲೆ ಗೆರೆ ಎಳೆಯುವವನ ಕೈ ನಾಲ್ಕು ಮೈಲಿ ಕೆಳಗೆ ಹೋಯಿತು, ಅಷ್ಟೇ.

ಸುಮ್ನೆ ಓದುಗ:
ಕಪ್ಪುಜನದ ಊರು ಅಂತ ಬಿಟ್ಟರಾ?

ಕಡತ:
ಹಾಗೆ ಖಚಿತವಾಗಿ ಹೇಳಲಾರೆ. ಬಿಳಿಯರ ಊರುಗಳೂ ಇದೇ ತರ ರೈಲು ತಪ್ಪಿ ಸತ್ತದ್ದು ಎಷ್ಟೋ ಇವೆ. ಆದರೆ ರೈಲಿಗೂ ಈ ಊರಿಗೂ ಇನ್ನೊಂದು ಕೊಂಡಿ ಇದೆ, ನನಗೆ ತುಂಬ ಕಾಡುವುದು ಅದು. ಎಡ್ವರ್ಡ್ ಮೆಕೇಬ್ ಅಂತ ಒಬ್ಬರು ಶಿಕಾಗೋದಲ್ಲಿ ಗುಮಾಸ್ತರಾಗಿದ್ದವರು, 1878ರಲ್ಲಿ ನಿಕೋಡಿಮಸ್‌ಗೆ ಬಂದರು. ಜಮೀನಿನ ಕಾಗದಪತ್ರ ನೋಡಿಕೊಟ್ಟರು. ಆಮೇಲೆ ಕೌಂಟಿ ಕ್ಲರ್ಕ್. 1882ರಲ್ಲಿ ಕ್ಯಾನ್ಸಸ್ ರಾಜ್ಯದ ಲೆಕ್ಕಪರಿಶೋಧಕರಾಗಿ ಚುನಾವಣೆ ಗೆದ್ದರು, ರಾಜ್ಯಮಟ್ಟದ ಹುದ್ದೆ ಗೆದ್ದ ಅಲ್ಲಿನ ಮೊದಲ ಕಪ್ಪುಮನುಷ್ಯ. 1884ರಲ್ಲಿ ಮತ್ತೆ ಗೆದ್ದರು. ಮುಂದೆ ಒಕ್ಲಹೋಮಾಕ್ಕೆ ಹೋಗಿ ಲ್ಯಾಂಗ್‌ಸ್ಟನ್ ಎಂಬ ಇನ್ನೊಂದು ಊರು ಕಟ್ಟಿದರು. ಆ ರಾಜ್ಯ ರೈಲಿನಲ್ಲಿ ಕಪ್ಪುಜನಕ್ಕೆ ಬೇರೆ ಬೋಗಿ ಅಂತ ಕಾನೂನು ತಂದಾಗ ಸಾಂಟಾ ಫೆ ರೈಲು ಕಂಪನಿ ಮೇಲೆ ಕೇಸು ಹಾಕಿದವರಲ್ಲಿ ಮೊದಲ ಹೆಸರು ಮೆಕೇಬ್‌ರದೇ. 1914ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತರು.

ಧಾರವಾಡದ ಅಕ್ಕ:
ಒಂದು ಊರಿಗೆ ರೈಲೇ ಬರ್ಲಿಲ್ಲ, ಇನ್ನೊಂದು ಕಡೆ ಬಂದ ರೈಲಲ್ಲಿ ಕೂರೋಕೆ ಬಿಡ್ಲಿಲ್ಲ. ಏನ್ ಹೇಳೋದು.

ಅಂದಹಾಗೆ ಆ ಹೆಸರು ಬಂದದ್ದು ಎಲ್ಲಿಂದ? ನಮ್ಮ ಪಕ್ಕದ ಮನೆ ಕ್ರೈಸ್ತರು ಕನ್ನಡ ಬೈಬಲ್‌ನಲ್ಲಿ "ನಿಕೊದೇಮ" ಅಂತ ಇದೆ ಅಂದ್ರು. ರಾತ್ರಿ ಹೊತ್ತು ಯೇಸುವನ್ನ ನೋಡೋಕೆ ಬಂದವನು.

ಕಡತ:
ಬೈಬಲ್‌ನಿಂದ ಅನ್ನುವವರಿದ್ದಾರೆ. ಗುಲಾಮನಾಗಿ ಬಂದ ಆಫ್ರಿಕಾದ ಒಬ್ಬ ರಾಜಕುಮಾರ ದುಡ್ಡು ಕೊಟ್ಟು ತನ್ನನ್ನು ತಾನೇ ಬಿಡಿಸಿಕೊಂಡ, ಅವನ ಹೆಸರು ನಿಕೋಡಿಮಸ್ ಅನ್ನುವ ದಂತಕಥೆಯಿಂದ ಬಂತು ಅನ್ನುವವರು ಇನ್ನೂ ಜಾಸ್ತಿ.

ತೀರ್ಥಹಳ್ಳಿ ಮಳೆ:
ರೈಲು ಹೋದ ಮೇಲೂ ಯಾರೋ ಉಳಿದಿರಬೇಕಲ್ಲ? ಇಲ್ಲದಿದ್ರೆ 1939ರಲ್ಲಿ ಟೌನ್‌ಶಿಪ್ ಹಾಲ್ ಕಟ್ಟಿದ್ದು ಯಾರಿಗೆ?

ಹೆದ್ದಾರಿಹಕ್ಕಿ:
ಇದಕ್ಕೆ ಅಲ್ಲಿ ಕೇಳಿ ಬಂದದ್ದು ಹೇಳ್ತೀನಿ. ಅಂಗಡಿಯವರು ಹೋದರು, ರೈತರು ಉಳಿದರು. ಜಮೀನು ಹೊತ್ತುಕೊಂಡು ನದಿ ದಾಟಲು ಆಗುವುದಿಲ್ಲವಲ್ಲ. 1930ರ ದಶಕದ ಧೂಳುಗಾಳಿ ಅವರನ್ನೂ ಓಡಿಸಿತು, ಎಲ್ಲರನ್ನೂ ಅಲ್ಲ. ಅಂಚೆ ಕಚೇರಿ 1953ರಲ್ಲಿ ಮುಚ್ಚಿತು. 1976ರಲ್ಲಿ ರಾಷ್ಟ್ರೀಯ ಸ್ಮಾರಕದ ಮಾನ್ಯತೆ ಸಿಕ್ಕಿತು, 1996ರಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಸೇರಿತು.

ಹೊರಗೆ ಹೋದವರ ಮಕ್ಕಳು, ಮೊಮ್ಮಕ್ಕಳು ಪ್ರತಿ ವರ್ಷ ಜುಲೈ ಕೊನೆಗೆ ಬರುತ್ತಾರೆ. ವಿಮೋಚನೆಯ ಹಬ್ಬ. ಮೊದಲು ಆಗಸ್ಟ್ 1ಕ್ಕೆ ಇತ್ತು, ಬ್ರಿಟಿಷರ ವೆಸ್ಟ್ ಇಂಡೀಸ್‌ನಲ್ಲಿ ಗುಲಾಮಗಿರಿ ನಿಂತ ದಿನದ ನೆನಪಿಗೆ. ಮೆರವಣಿಗೆ, ಊಟ, ಚರ್ಚು, ಹರಟೆ. ನಾವು ಹೋದಾಗ ಬೀದಿ ಖಾಲಿ. ಒಂದು ಮನೆ ಜಗುಲಿಯಲ್ಲಿ ವಯಸ್ಸಾದವರೊಬ್ಬರು ಕೂತಿದ್ದರು. ಮಗ ಕೈ ಬೀಸಿದ. ಅವರು ಬೀಸಲಿಲ್ಲ, ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಮಗನಿಗೆ ಅದು ಬಹಳ ಹಿಡಿಸಿತು, ಈಗ ಮನೇಲಿ ಎಲ್ಲರಿಗೂ ಹಾಗೇ ನಮಸ್ಕಾರ.

ಗದ್ದೆಬದು:
ನಾನು ಇರೋದು ಒಮಾಹಾದಲ್ಲಿ. ಈ ಸಲ ಜುಲೈ ಕೊನೆಗೆ ಹೋಗೋಣ ಅಂತ ಮನೆಯವರ ಹತ್ರ ಹೇಳಿದ್ದೀನಿ. ಅಲ್ಲಿ ಊಟ, ಪೆಟ್ರೋಲ್ ಸಿಗುತ್ತಾ?

ಹೆದ್ದಾರಿಹಕ್ಕಿ:
ಪೆಟ್ರೋಲ್ ನಾನು ಹಿಲ್ ಸಿಟಿಯಲ್ಲೇ ತುಂಬಿಸಿಕೊಂಡಿದ್ದೆ. ನೀವು ಪೂರ್ವದಿಂದ ಬರ್ತೀರಲ್ಲ, ಸ್ಟಾಕ್‌ಟನ್ ಸಿಗುತ್ತದೆ, ಅಲ್ಲೇ ಮುಗಿಸಿಕೊಳ್ಳಿ. ನೀರು ಜಾಸ್ತಿ ಇಟ್ಕೊಳ್ಳಿ, ನೆರಳಿಲ್ಲ. ಊಟಕ್ಕೆ ಹಬ್ಬದ ದಿನ ಹೋದರೆ ಯೋಚನೆ ಇಲ್ಲ ಅಂತ ಕೇಂದ್ರದವರು ಅಂದರು. ಬೇರೆ ದಿನ ಆದರೆ ಚಪಾತಿ ಕಟ್ಕೊಂಡು ಹೋಗಿ.

ಮಂಡ್ಯದ ಮಾವ:
ಚಪಾತಿ ಜೊತೆ ಉಪ್ಪಿನಕಾಯಿನೂ ಇರ್ಲಿ. ಫೋಟೋ ಹಾಕೋದು ಮರೀಬೇಡಿ. ಆ ಬೋಗ್ ಊರಿಗೂ ಹೋಗಿ ಬನ್ನಿ, ಅಲ್ಲಿ ಈಗ ರೈಲು ಬರುತ್ತಾ ಅಂತ ನೋಡ್ಬೇಕು ನನಗೆ.